ಅತ್ತೆಯ ಬಾತಿನೂಟ

ಬೋದಿಲ್ ಸೊಂಟದ ಮೂಳೆ ಮುರಿದುಕೊಂಡ ವಾರವೇ ಅವಳ ಒಂಬತ್ತು ಬಾತುಮರಿಗಳು ಮೊಟ್ಟೆಯೊಡೆದು ಹೊರಗೆ ಬಂದವು. ಎರಡರಲ್ಲಿ ಯಾವುದು ದೊಡ್ಡ ಸುದ್ದಿ ಎಂಬ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಆಂಬುಲೆನ್ಸಿನವರು ಸ್ಟ್ರೆಚರ್ ಮೇಲೆ ಮಲಗಿಸಿ ಪಟ್ಟಿ ಬಿಗಿಯುತ್ತಿದ್ದಾಗಲೂ ಅವಳು ಅಳಿಯನಿಗೆ ಹೇಳುತ್ತಿದ್ದದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ ಮರಿಗಳಿಗೆಂದು ತೂಗುಹಾಕಿದ್ದ ಬಿಸಿದೀಪವನ್ನು ಎಷ್ಟು ಎತ್ತರದಲ್ಲಿ ಇಡಬೇಕು ಎಂಬುದನ್ನು.

ಲಾಂಗೆಲಾನ್ ದ್ವೀಪದ ದಕ್ಷಿಣದ ತುದಿಯಲ್ಲಿರುವ ನಮ್ಮೂರಲ್ಲಿ ಹಿತ್ತಿಲಿಗೆ ನಾಲ್ಕು ಬಾತು ಇಟ್ಟುಕೊಂಡವರು ಬೇಕಾದಷ್ಟು ಜನ. ಬೋದಿಲ್‌ಳ ಬಾತುಗಳು ಮಾತ್ರ ಬೇರೆ. ಮೈಯೆಲ್ಲ ಕಪ್ಪು, ಎದೆಯಷ್ಟೇ ಬಿಳಿ. ಅವಳ ಅಪ್ಪನ ಕಾಲದಿಂದ ಅದೇ ಹಿತ್ತಿಲಲ್ಲಿ ಬೆಳೆದು ಬಂದ ತಳಿ. ಹಿಂದಿನ ಚಳಿಗಾಲದಲ್ಲಿ ಗಿಡುಗ ರುಚಿ ಹಿಡಿದು ಮತ್ತೆ ಮತ್ತೆ ಬಂದದ್ದರಿಂದ ಉಳಿದದ್ದು ಮೂರು ಹೆಣ್ಣು, ಒಂದು ಮುದಿ ಗಂಡು. ಆ ಗಂಡು ಇನ್ನೊಂದು ವಸಂತ ಕಾಣುವುದು ಅನುಮಾನವಿತ್ತು. ಕಾವಿನ ಪೆಟ್ಟಿಗೆಯಲ್ಲಿಟ್ಟ ಮೊಟ್ಟೆಗಳಲ್ಲಿ ಫಲಿಸಿದ್ದು ಒಂಬತ್ತು. ಅವು ಹೋದರೆ ಅಪ್ಪನ ತಳಿಯೂ ಹೋದಂತೆಯೇ.

ಹೊಣೆ ಬಿದ್ದದ್ದು ಎಸ್ಕಿಲ್ ಮೇಲೆ. ಎಸ್ಕಿಲ್ ಕೋಪನ್‌ಹೇಗನ್ನಿನವನು. ರುಡ್‌ಕೋಬಿಂಗ್ ಪೇಟೆಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೋದಿಲ್‌ಳ ಮಗಳು ಮಾಯ್ಕೆನ್‌ಳನ್ನು ಮದುವೆಯಾಗಿ ಹಿಂದಿನ ಶರತ್ಕಾಲದಿಂದ ಅತ್ತೆಯ ಮನೆಯ ಮಹಡಿಯಲ್ಲಿದ್ದ. ಮಾಯ್ಕೆನ್‌ಗೆ ಸಮುದ್ರದ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಹಡಗಿನಲ್ಲಿ ಕೆಲಸ. ತಿಂಗಳಲ್ಲಿ ಅರ್ಧ ನೀರಿನ ಮೇಲೆ, ಅರ್ಧ ಮನೆಯಲ್ಲಿ. ಅಮ್ಮ ಬಿದ್ದಾಗ ಅವಳು ನೀರಿನ ಮೇಲಿದ್ದಳು.

ಬೋದಿಲ್ ಅಳಿಯನನ್ನು ಚೆನ್ನಾಗಿಯೇ ನೋಡಿಕೊಂಡಿದ್ದಳು. ಅವನ ಕಷ್ಟವೂ ಅದೇ. ಅವನು ಪಾತ್ರೆ ತೊಳೆಯಲು ಎದ್ದರೆ "ನೀನು ಕೂತ್ಕೊಳಪ್ಪ" ಎನ್ನುತ್ತಿದ್ದಳು. ಹಿತ್ತಿಲಿಗೆ ಬಂದರೆ "ಚಳಿ ಇದೆ, ಒಳಗೆ ಹೋಗು" ಎನ್ನುತ್ತಿದ್ದಳು. ನೆಂಟರಿಗೆ ಕೆಲಸ ಹೇಳುವುದಿಲ್ಲ, ಮನೆಯವರಿಗೆ ಹೇಳುತ್ತೇವೆ. ಇಡೀ ಚಳಿಗಾಲ ಅವನಿಗೆ ಆ ಮನೆಯಲ್ಲಿ ಒಂದು ಕೆಲಸವೂ ಸಿಕ್ಕಿರಲಿಲ್ಲ. ಹಾಗಾಗಿ ಸ್ಟ್ರೆಚರ್ ಮೇಲಿಂದ ಅವಳು ಅವನ ಅಂಗಿಯ ತೋಳು ಹಿಡಿದೆಳೆದಾಗ, ತನಗೆ ಏನು ಸಿಗುತ್ತಿದೆ ಎಂಬುದು ಎಸ್ಕಿಲ್‌ಗೆ ಚೆನ್ನಾಗಿ ಗೊತ್ತಿತ್ತು.

"ಮರಿಗಳಿಗೆ ಬಾತಿನೂಟ ಒಂದೇ," ಎಂದಳು ಬೋದಿಲ್. "ಬೇರೆ ಏನೂ ಹಾಕ್ಬೇಡ. ಬ್ರೆಡ್ ಅಂತೂ ಬೇಡ್ವೇ ಬೇಡ. ದೊಡ್ಡವಕ್ಕೆ ಶೆಡ್ಡಲ್ಲಿ ಇದೆ. ಅವಕ್ಕೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡು, ಮೊಟ್ಟೆ ಇಡೋವಲ್ವಾ. ಮರಿಗಳ ಹತ್ರ ಚಿಪ್ಪು ತರಬೇಡ, ಮೂತ್ರಪಿಂಡ ಹೋಗುತ್ತೆ."

ಎಸ್ಕಿಲ್ ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಕನ್ನಡಕದ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿಗೆ ತಲೆನೋವು. ಅವನು ಆ ಮಾತುಗಳನ್ನು ಮನಸ್ಸಿನಲ್ಲೇ ಒಮ್ಮೆ ಒಪ್ಪಿಸಿಕೊಂಡ. ಎಡವಟ್ಟಾದದ್ದು ಮೊದಲನೆಯ ಮಾತಿನಲ್ಲೇ.

ಡೆನ್ಮಾರ್ಕಿನಲ್ಲಿ ಯಾರನ್ನು ಕೇಳಿದರೂ ಬಾತಿನೂಟ ಎಂದರೆ ಕೆರೆಕೊಳಗಳ ಮೇಲೆ ಹಸಿರು ಕಂಬಳಿಯಂತೆ ಹರಡುವ, ಎಳ್ಳುಕಾಳಿನಷ್ಟು ಎಲೆಯ ನೀರುಸೊಪ್ಪು. ಶಾಲೆಯ ಪುಸ್ತಕದಲ್ಲೂ ಅದಕ್ಕೆ ಅದೇ ಹೆಸರು. ಬೋದಿಲ್‌ಳ ಮನೆಯಲ್ಲಿ ಮಾತ್ರ ಅರ್ಥ ಬೇರೆ. ಬಾರ್ಲಿ ನುಚ್ಚು, ಬಟಾಣಿ ಹಿಟ್ಟು, ಒಣಮೀನಿನ ಪುಡಿ, ಬಿಯರಿನ ಯೀಸ್ಟು ಸೇರಿಸಿ ಅವಳ ಅಪ್ಪ ಮರಿಗಳಿಗೆ ಕಲಸುತ್ತಿದ್ದ ಹಿಟ್ಟಿಗೆ ಅವನು ಇಟ್ಟ ಹೆಸರು ಅದು. ಅವಳು ಚಿಕ್ಕಂದಿನಿಂದ ಹಾಗೇ ಕರೆದು, ಹಾಗೇ ಕಲಸಿ, ಲೋಕಕ್ಕೆಲ್ಲ ಅದೇ ಅರ್ಥ ಎಂಬಂತೆ ಬದುಕಿದ್ದಳು. ಮನೆಯೊಳಗಿನ ಮಾತಿಗೆ ಹೊರಗೆ ಇನ್ನೊಂದು ಅರ್ಥವಿದೆ ಎಂಬುದು ಹೊರಗಿನವನೊಬ್ಬ ಮನೆಗೆ ಬರುವವರೆಗೂ ಯಾರಿಗೂ ಅಡ್ಡ ಬರುವುದಿಲ್ಲ.

ಶೆಡ್ಡಿನಲ್ಲಿ ಮೊಟ್ಟೆ ಬಾತುಗಳ ಮೇವಿನ ಚೀಲವಿತ್ತು. ಅದರ ಪಕ್ಕದಲ್ಲಿ ಮುಚ್ಚಳದ ಡಬ್ಬಿಯೊಂದರಲ್ಲಿ ಈ ಹಿಟ್ಟೂ ಇತ್ತು. ಶೆಡ್ಡಿನಲ್ಲಿರುವುದೆಲ್ಲ ದೊಡ್ಡವಕ್ಕೆ ಎಂದುಕೊಂಡ ಎಸ್ಕಿಲ್ ಎರಡನ್ನೂ ಅವಕ್ಕೇ ಹಾಕಿದ. ಮುದಿ ಬಾತುಗಳು ಚೀಲದ ಮೇವನ್ನು ಬಿಟ್ಟು ಹಿಟ್ಟಿನ ಮೇಲೆ ಬಿದ್ದವು. ಮೀನಿನ ವಾಸನೆ ಅವಕ್ಕೆ ಇಷ್ಟ. ಮಕ್ಕಳ ಊಟ ಹಾಗೆ ಅಜ್ಜಿಯರ ಹೊಟ್ಟೆ ಸೇರಿತು.

ಇತ್ತ ಅವನು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಹೆಂಡತಿಯ ಗಂಬೂಟು ಹಾಕಿಕೊಂಡು, ಅಡುಗೆಮನೆಯ ಜರಡಿ ಹಿಡಿದು ಊರ ನಡುವಿನ ಕೊಳಕ್ಕೆ ಇಳಿಯತೊಡಗಿದ. ಮೇ ತಿಂಗಳ ಕೊನೆ. ಕೊಳದ ಒಂದು ಮೂಲೆ ಹಸಿರಾಗಿತ್ತು. ಕೊಳದ ಎದುರಿಗೇ ಕ್ರೆಸ್ಟನ್ನನ ಮನೆ. ರಸ್ತೆ ರಿಪೇರಿಯ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯಲ್ಲೇ ಬಿಯರ್ ಮಾಡುವುದು, ಕಿಟಕಿಯಲ್ಲಿ ಕೂತು ಊರು ನೋಡುವುದು ಅವನ ಉದ್ಯೋಗ. ಮೊದಲ ದಿನವೇ ಕಾಫಿ ಲೋಟದ ಸಮೇತ ಹೊರಗೆ ಬಂದ.

"ಏನಪ್ಪ ಮನೆ ಅಳಿಯ, ಅತ್ತೆ ಆಸ್ಪತ್ರೆಗೆ ಹೋಗಿದ್ದೇ ತಡ, ಕೊಳಕ್ಕೆ ಬಿದ್ಯಾ?"

"ಬಾತಿನೂಟ ತಗೊಂಡು ಹೋಗ್ತಿದೀನಿ. ಮರಿಗಳಿಗೆ."

"ಒಳ್ಳೇದು, ಒಳ್ಳೇದು. ಆ ಕಡೆ ಹೋಗ್ಬೇಡ, ಕೆಸರು ಸೊಂಟದವರೆಗೂ ಇದೆ. ಒಂದೇ ಮನೇಲಿ ಎರಡು ಸೊಂಟ ಹೋದ್ರೆ ಕಷ್ಟ."

ಎರಡೇ ದಿನಕ್ಕೆ ಊರಿಗೆಲ್ಲ ಗೊತ್ತಾಯಿತು. ಕೋಪನ್‌ಹೇಗನ್ನಿನ ಹುಡುಗ ಅತ್ತೆಯ ಬಾತಿಗೋಸ್ಕರ ಕೊಳಕ್ಕಿಳಿಯುತ್ತಾನಂತೆ ಎಂದು ಜನ ನಕ್ಕರು, ಮೆಚ್ಚಿಕೊಂಡೂ ಮಾತಾಡಿದರು. ಯಾರಿಗೂ ತಪ್ಪು ಕಾಣಲಿಲ್ಲ. ಬಾತಿಗೆ ನೀರುಸೊಪ್ಪು ಒಳ್ಳೆಯದೇ. ಊಟದ ಜೊತೆಗಿನ ಪಲ್ಯದ ಹಾಗೆ. ಅವನು ಪಲ್ಯವನ್ನೇ ಊಟವಾಗಿಸಿದ್ದಾನೆ ಎಂದು ಯಾರು ತಾನೇ ಊಹಿಸಿಯಾರು?

ಮರಿಗಳಿಗಂತೂ ಅದು ಹಬ್ಬ. ಬಟ್ಟಲು ಇಟ್ಟರೆ ಒಂಬತ್ತೂ ಒಂದರ ಮೇಲೊಂದು ಬಿದ್ದು, ಕೊಕ್ಕಿನಿಂದ ಸೊರಸೊರ ಹೀರಿ, ತಲೆಯ ಮೇಲೆಲ್ಲ ಹಸಿರು ಅಂಟಿಸಿಕೊಂಡು ಅವನ ಕಾಲಬೆರಳನ್ನು ಕಚ್ಚುತ್ತಿದ್ದವು. ಎಸ್ಕಿಲ್ ಶುಚಿಯ ಮನುಷ್ಯ. ಸೊಪ್ಪನ್ನು ಮೂರು ನೀರಲ್ಲಿ ತೊಳೆದು, ಅದರೊಳಗಿನ ಬಸವನಹುಳು, ನೀರುಹುಳುಗಳನ್ನೆಲ್ಲ ಚಿಮಟದಿಂದ ಹೆಕ್ಕಿ ಕೊಳಕ್ಕೆ ವಾಪಸು ಬಿಡುತ್ತಿದ್ದ. ಸಂಜೆ ಅಂಗಡಿಯಿಂದ ಬಂದವನು ಬಟ್ಟೆ ಒಗೆಯುವ ಕೋಣೆಯ ನೆಲದಲ್ಲೇ ಕೂತು ಊಟ ಮಾಡುವುದನ್ನು ರೂಢಿಸಿಕೊಂಡ. ಮರಿಗಳು ಅವನ ತೊಡೆಯೇರಿ ನಿದ್ದೆಹೋಗುತ್ತಿದ್ದವು.

ಬೋದಿಲ್ ಆಪರೇಷನ್ ಮುಗಿಸಿಕೊಂಡು, ಮೆಟ್ಟಿಲಿಲ್ಲದ ಮನೆ ಎಂಬ ಕಾರಣಕ್ಕೆ ಸ್ವೆನ್‌ಬೋರ್ಗ್‌ನಲ್ಲಿದ್ದ ತಂಗಿಯ ಹತ್ತಿರ ಉಳಿದಿದ್ದಳು. ದಿನಾ ಸಂಜೆ ಫೋನು. ತನ್ನ ಸೊಂಟದ ಬಗ್ಗೆ ಅವನು ಕೇಳಿದರೆ "ಇದೆ" ಎಂದಷ್ಟೇ ಹೇಳಿ, ಮರಿಗಳು ಬಾತಿನೂಟ ತಿಂದವಾ ಎಂದು ಕೇಳುತ್ತಿದ್ದಳು. ತಿಂದವು, ಬಟ್ಟಲು ಖಾಲಿ ಎನ್ನುತ್ತಿದ್ದ. ಬಟ್ಟಲಿನ ನೀರು ಮರಿಯ ಮೂಗಿನ ತೂತು ಮುಳುಗುವಷ್ಟು ಆಳ ಇದೆಯಾ? ಇದೆ. ಅವಳು ಕೇಳಿದ್ದೂ ಸರಿ, ಅವನು ಹೇಳಿದ್ದೂ ನಿಜ.

ಮೊದಲು ಸುಳಿವು ಕೊಟ್ಟದ್ದು ತಕ್ಕಡಿ. ಎಸ್ಕಿಲ್ ಮರಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ಆಗಾಗ ತೂಗುತ್ತಿದ್ದ. ಬಾತುಮರಿ ಮೊದಲ ವಾರಗಳಲ್ಲಿ ಬೆಳೆಯುವ ವೇಗಕ್ಕೆ ಮುಳ್ಳು ಓಡಬೇಕಿತ್ತು. ಅದು ನಡೆಯುತ್ತಲೂ ಇರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಮೈ ತುಂಬುತ್ತಿರಲಿಲ್ಲ. ಆಮೇಲೆ ಒಂದು ಸಂಜೆ ಎಲ್ಲವೂ ಬಟ್ಟಲಿಗೆ ಓಡಿ ಬಂದಾಗ ಒಂದು ಮರಿ ಬರಲಿಲ್ಲ. ಎದೆಯ ಬಿಳಿ ಒಂದು ಪಕ್ಕಕ್ಕೆ ಸರಿದಂತಿದ್ದ ಹೆಣ್ಣುಮರಿ. ಮಂಡಿಯ ಮೇಲೆ ಕೂತು, ರೆಕ್ಕೆಯ ಮೊಳಕೆಗಳಿಂದ ನೆಲ ಒತ್ತಿ, ಏಳಲು ನೋಡಿ, ಮತ್ತೆ ಕೂತಿತು. ಕೂಗಲೂ ಇಲ್ಲ.

ಕೆಳಗೆ ಹಾಸಿದ್ದ ಪತ್ರಿಕೆ ಜಾರುತ್ತಿರಬೇಕು ಎಂದು ಎಸ್ಕಿಲ್ ಅದನ್ನು ತೆಗೆದು ಟವೆಲ್ ಹಾಸಿದ. ಜಾರುವ ನೆಲದಲ್ಲಿ ಮರಿಗಳ ಕಾಲು ಸೋಲುವುದು ಉಂಟು, ಊಹೆ ಸುಳ್ಳಲ್ಲ. ಆದರೆ ಮರುದಿನ ಇನ್ನೆರಡು ಮರಿ ಮಂಡಿಯೂರಿದವು. ಅವನು ಸೊಪ್ಪನ್ನು ಇಮ್ಮಡಿ ತಂದ.

ಹಡಗಿನಿಂದ ಮಾಯ್ಕೆನ್ ಫೋನು ಮಾಡಿದಾಗ ಹೇಳಿದ. ಅಮ್ಮನಿಗೆ ಹೇಳು ಎಂದಳು ಅವಳು. ಬಾತಿನ ವಿಷಯ ತನಗೆ ಗೊತ್ತಿಲ್ಲ, ಚಿಕ್ಕಂದಿನಲ್ಲಿ ಅಮ್ಮ ತನಗೂ ಮುಟ್ಟಗೊಟ್ಟಿರಲಿಲ್ಲ. ನಾಳೆ ಹೇಳುತ್ತೇನೆ ಎಂದ ಎಸ್ಕಿಲ್. ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಬೋದಿಲ್ ಬೈಯುವುದಿಲ್ಲ. ಕ್ರೆಸ್ಟನ್‌ಗೆ ಫೋನು ಮಾಡುತ್ತಾಳೆ, ಕ್ರೆಸ್ಟನ್ ಮರಿಗಳನ್ನು ಒಯ್ಯಲು ಪೆಟ್ಟಿಗೆ ತೆಗೆದುಕೊಂಡು ಬರುತ್ತಾನೆ, ಅತ್ತೆ ಮನೆಗೆ ಬಂದ ಮೇಲೆ ಬಹಳ ಮರ್ಯಾದೆಯಿಂದ "ನೀನು ಕೂತ್ಕೊಳಪ್ಪ" ಎನ್ನುತ್ತಾಳೆ. ಆಮೇಲೆ ಅವನು ಬದುಕಿರುವಷ್ಟು ಕಾಲ ಕೂತೇ ಇರಬೇಕು.

ಭಾನುವಾರದ ಫೋನಿನಲ್ಲಿ ಬೋದಿಲ್ ಇನ್ನೇನೂ ಕೇಳಲು ತೋಚದೆ ಸಣ್ಣ ವಿಷಯವೊಂದನ್ನು ಕೇಳಿದಳು.

"ಬಾತಿನೂಟ ತುಂಬ ತೆಳ್ಳಗೆ ಮಾಡ್ತಿಲ್ಲ ತಾನೇ? ಉಂಡೆ ಕಟ್ಟಿದ್ರೆ ನಿಲ್ಲಬೇಕು, ಹಾಗಿರಬೇಕು."

"ಉಂಡೆಯಾ? ಅದು ನೀರಲ್ಲೇ ತೇಲೋದಲ್ವಾ ಅತ್ತೆ?"

ಆ ಕಡೆ ಬೋದಿಲ್ ತಂಗಿಗೆ ಟಿವಿ ಆರಿಸಲು ಹೇಳಿದಳು.

"ಎಸ್ಕಿಲ್, ನೀನು ಮರಿಗಳಿಗೆ ಏನು ಹಾಕ್ತಿದೀಯ?"

ಹೇಳಿದ. ಕೊಳ, ಜರಡಿ, ಮೂರು ನೀರು, ಚಿಮಟ ಎಲ್ಲ ಹೇಳಿದ.

"ಹುಳ ಹೆಕ್ಕಿ ತೆಗೆದ್ಯಾ?"

"ಹೂಂ. ಶುಚಿಯಾಗಿರ್ಲಿ ಅಂತ."

"ಅಯ್ಯೋ ನನ್ನಪ್ಪ. ಆ ಸೊಪ್ಪಲ್ಲಿ ಮುಕ್ಕಾಲು ಮೂರುವೀಸ ನೀರು ಕಣೋ. ಊಟ ಅಂತ ಇದ್ದಿದ್ದು ಆ ಹುಳಾನೇ." ಆಮೇಲೆ, "ಶೆಡ್ಡಿನ ಡಬ್ಬಿ?" ಎಂದಳು.

"ದೊಡ್ಡವು ತಿಂದು ಮುಗಿಸಿದ್ವು."

"ಅದಕ್ಕೇ ಆ ಮುದುಕಿಯರು ಒಂದು ಸಲಾನೂ ಗಲಾಟೆ ಮಾಡಿಲ್ಲ. ಸರಿ. ಈಗ ನಿಜ ಹೇಳು. ಎಲ್ಲವೂ ಎದ್ದು ನಿಲ್ತಾವಾ?"

ಎಸ್ಕಿಲ್ ಗೋಡೆಗೆ ಒರಗಿದ. ತೊಡೆಯ ಮೇಲೆ ಎದೆಯ ಬಿಳಿ ಪಕ್ಕಕ್ಕೆ ಸರಿದ ಆ ಮರಿ ಇತ್ತು.

"ಮೂರು ನಿಲ್ತಿಲ್ಲ ಅತ್ತೆ. ಒಂದಂತೂ ಮೂರು ದಿನದಿಂದ ಕೂತೇ ಇದೆ. ನಾನು ನಿಮಗೆ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ಕ್ರೆಸ್ಟನ್‌ಗೆ ಕೊಡಿಸ್ತೀರಿ ಅಂತ."

ಬೋದಿಲ್ ಕ್ರೆಸ್ಟನ್ ವಿಷಯ ಬಿಟ್ಟು ನೇರ ಮರಿಗಳ ಕಾಲಿನ ವಿಷಯಕ್ಕೆ ಬಂದಳು. ಚೀಸ್ ಡೈರಿಯ ಪ್ರಯೋಗಾಲಯದಲ್ಲಿ ಹಾಲಿನ ಕೊಬ್ಬು ಅಳೆದು ಅವಳ ಕೆಲಸದ ಕಾಲವೆಲ್ಲ ಕಳೆದಿತ್ತು. ಏನಾದರೂ ಕೆಟ್ಟರೆ ಮೊದಲು ಸರಿಮಾಡುವುದು, ಆಮೇಲೆ ಮಾತಾಡುವುದು ಅವಳ ಕ್ರಮ. ಕಾಲು ಸೋಲುವುದಕ್ಕೆ ಯೀಸ್ಟಿನಲ್ಲಿರುವ ಒಂದು ಜೀವಸತ್ವದ ಕೊರತೆ ಕಾರಣ ಎಂದಳು. ಕೋಳಿಮರಿಗೆ ಸಾಕಾಗುವಷ್ಟು ಬಾತುಮರಿಗೆ ಸಾಲದು, ಅದಕ್ಕೇ ತನ್ನ ಅಪ್ಪ ಬಿಯರಿನ ಯೀಸ್ಟು ಸೇರಿಸುತ್ತಿದ್ದದ್ದು. ಮೇವಿನ ಅಂಗಡಿಗೆ ಭಾನುವಾರ ಬೀಗ. ಸೂಪರ್‌ಮಾರ್ಕೆಟ್ಟಿನಲ್ಲಿ ಬ್ರೆಡ್ಡಿನ ಯೀಸ್ಟು ಸಿಗುತ್ತದಲ್ಲ ಎಂದು ಎಸ್ಕಿಲ್ ಕೇಳಿದ. ಅದು ಜೀವಂತ ಯೀಸ್ಟು, ಮರಿಯ ಹೊಟ್ಟೆಯಲ್ಲಿ ಹಿಟ್ಟು ಉಬ್ಬಿದಂತೆ ಉಬ್ಬೀತು, ಬೇಡ ಎಂದಳು. ಕ್ರೆಸ್ಟನ್ನನ ಬಿಯರ್ ಪೀಪಾಯಿಯ ತಳದಲ್ಲಿ ಗಸಿ ಇರುತ್ತದೆ, ಅದನ್ನು ತಂದು ಚೆನ್ನಾಗಿ ಕುದಿಸು; ಕುದಿಸಿದರೆ ಯೀಸ್ಟು ಸಾಯುತ್ತದೆ, ಸತ್ವ ಸಾಯುವುದಿಲ್ಲ.

ಎಸ್ಕಿಲ್ ಪಾತ್ರೆ ಹಿಡಿದು ಕೊಳದ ಆ ಕಡೆಗೆ ಹೋದ. ವಿಷಯ ಕೇಳಿದ ಕ್ರೆಸ್ಟನ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ.

"ಊರಿಗೆಲ್ಲ ಕನ್ನಡಕ ಹಾಕೋನು ನೀನು. ನಿಂಗೇ ಡಬ್ಬಿ ಕಾಣ್ಲಿಲ್ವಾ?"

"ನೀನು ದಿನಾ ಕಿಟಕೀಲಿ ಕೂತಿದ್ದೆಯಲ್ಲ, ನಿಂಗೇನು ಕಾಣ್ತು?" ಎಂದ ಎಸ್ಕಿಲ್. ಅವನಿಗೆ ಅಂದು ನಗುವ ಮನಸ್ಸಿರಲಿಲ್ಲ.

ಕ್ರೆಸ್ಟನ್ ನಗು ನಿಲ್ಲಿಸಿ ಒಳಗೆ ಹೋದ. ಕೆಲವು ವಾರಗಳಲ್ಲಿ ಬಾಟಲಿಗೆ ತುಂಬಬೇಕಿದ್ದ ಪೀಪಾಯಿಯನ್ನೇ ಅವತ್ತು ಬಗ್ಗಿಸಿ, ಮಣ್ಣಿನ ಬಣ್ಣದ ಗಸಿಯನ್ನು ಪಾತ್ರೆ ತುಂಬ ಕೊಟ್ಟ. ಜೊತೆಗೆ ತಾನೂ ಬಂದು ಒಲೆಯ ಹತ್ತಿರ ನಿಂತ. ಬಾರ್ಲಿ ನುಚ್ಚು, ಬಟಾಣಿ ಹಿಟ್ಟು, ಮೀನಿನ ಪುಡಿ ಶೆಡ್ಡಿನ ಮೇಲಿನ ಹಲಗೆಯಲ್ಲಿದ್ದವು. ಬೋದಿಲ್ ಫೋನಿನಲ್ಲಿ ಅಳತೆ ಹೇಳಿದಳು, ಎಸ್ಕಿಲ್ ಕಲಸಿದ, ಉಂಡೆ ಕಟ್ಟಿ ನೋಡಿದ. ನಿಂತಿತು. ಆರು ಮರಿಗಳು ತಾವೇ ತಿಂದವು. ಮೂರಕ್ಕೆ ತುದಿಬೆರಳಿನಿಂದ ಕೊಕ್ಕಿಗೆ ಹಚ್ಚಿ, ನಡುನಡುವೆ ನೀರು ಕುಡಿಸಿ ತಿನ್ನಿಸಿದ.

"ಇನ್ನೊಂದು ಮಾತು," ಎಂದಳು ಬೋದಿಲ್ ಫೋನು ಇಡುವ ಮುಂಚೆ. "ಆ ಹೆಸರು ಇಟ್ಟಿದ್ದು ನಮ್ಮಪ್ಪ. ಸೊಪ್ಪಿಗೂ ಅದೇ ಹೆಸರು ಅಂತ ನಂಗೆ ಹೊಳೀಲೇ ಇಲ್ಲ. ಅರ್ಧ ತಪ್ಪು ನಂದು. ಹೇಳದೆ ಮುಚ್ಚಿಟ್ಟಿದ್ದು ಮಾತ್ರ ಪೂರ್ತಿ ನಿಂದು. ನಾಳೆ ಬೆಳಿಗ್ಗೆ ಫೋನು ಮಾಡು. ಸಂಜೆಗೆ ಕಾಯ್ಬೇಡ."

ಬೆಳಿಗ್ಗೆ ಮಾಡಿದ, ಮಧ್ಯಾಹ್ನ ಅಂಗಡಿಯ ಹಿಂಬಾಗಿಲಲ್ಲಿ ನಿಂತು ಮಾಡಿದ, ಸಂಜೆಯೂ ಮಾಡಿದ. ಎರಡು ಮರಿಗಳು ಆ ವಾರವೇ ಎದ್ದು ಓಡಾಡಿದವು. ಎದೆಯ ಬಿಳಿ ಸರಿದ ಮರಿ ತಡವಾಗಿ ಎದ್ದಿತು. ಎದ್ದರೂ ಬಲಗಾಲು ಹೊರಕ್ಕೆ ತಿರುಗಿಯೇ ಉಳಿಯಿತು.

ಬೋದಿಲ್ ಎರಡು ಊರುಗೋಲಿನ ಮೇಲೆ ಮನೆಗೆ ಬಂದಾಗ ಮರಿಗಳಿಗೆ ಎಳೆಯ ತುಪ್ಪಳ ಹೋಗಿ ಗರಿ ಹುಟ್ಟುತ್ತಿತ್ತು. ಕಾರಿನಿಂದ ಇಳಿದವಳು ಮನೆಯೊಳಗೆ ಹೋಗದೆ ನೇರ ಹಿತ್ತಿಲಿಗೆ ಹೋಗಿ, ಎಲ್ಲವನ್ನೂ ನಡೆಸಿ ನೋಡಿದಳು. ಕುಂಟುಮರಿ ಬಂದಾಗ ಊರುಗೋಲಿನ ಮೇಲೆ ಒರಗಿ ಬಹಳ ಹೊತ್ತು ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಪಕ್ಕದಲ್ಲಿದ್ದ ಎಸ್ಕಿಲ್‌ಗೆ ಅನಿಸಿತು.

ಆದರೆ ಕ್ರೆಸ್ಟನ್ ಪೆಟ್ಟಿಗೆ ಹಿಡಿದು ಮರಿಗಳನ್ನು ಒಯ್ಯಲು ಬರಲಿಲ್ಲ. ಬೋದಿಲ್ ಬಗ್ಗುವ ಹಾಗಿರಲಿಲ್ಲ, ಎಸ್ಕಿಲ್ ಬಗ್ಗುತ್ತಿದ್ದ. ಅವಳು ಹಿತ್ತಿಲ ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ತೋರಿಸುತ್ತಿದ್ದಳು. ಮೀನಿನ ಪುಡಿಯನ್ನು ಈಗ ಅರ್ಧಕ್ಕಿಳಿಸು, ಓಟ್ಸ್ ಜಾಸ್ತಿ ಮಾಡು, ಹಗಲೆಲ್ಲ ಹುಲ್ಲಿಗೆ ಬಿಡು ಎಂದಳು. ಎಸ್ಕಿಲ್‌ಗೆ ಕೈ ಬರಲಿಲ್ಲ. ಒಮ್ಮೆ ಹಸಿವಿನಿಂದ ಕೆಡಿಸಿದವನಿಗೆ ಕಡಿಮೆ ಹಾಕುವುದು ಕಷ್ಟ. ಅವಳು ನೋಡದಾಗ ಇನ್ನೊಂದು ಚಮಚ ಸೇರಿಸುತ್ತಿದ್ದ. ಒಂದು ಮರಿಯ ರೆಕ್ಕೆತುದಿ ಭಾರಕ್ಕೆ ಜೋತು ಹೊರಕ್ಕೆ ತಿರುಗಲು ಶುರುವಾದಾಗ ಬೋದಿಲ್‌ಗೆ ಗೊತ್ತಾಯಿತು.

"ನಿನ್ನ ಪ್ರಾಯಶ್ಚಿತ್ತಾನ ನನ್ನ ಬಾತುಗಳ ಹೊಟ್ಟೆಗೆ ಹಾಕ್ಬೇಡ," ಎಂದಳು. "ಮೂಳೆ ಗಟ್ಟಿಯಾಗೋ ಮುಂಚೆ ಗರಿ ಭಾರ ಆದ್ರೆ ರೆಕ್ಕೆ ತಿರುಚುತ್ತೆ. ಎಳೇದಕ್ಕೆ ಬೇಕಾದ್ದು ಪ್ರಾಯದ್ದಕ್ಕೆ ಬೇಡ. ಪ್ರಾಯದ್ದಕ್ಕೆ ಸಾಕಾಗಿದ್ದು ಮೊಟ್ಟೆ ಇಡೋದಕ್ಕೆ ಸಾಲದು. ನಿನಗೆ ಈಗಲೂ ತೊಟ್ಟಿಲಲ್ಲಿ ಹಾಲು ಕುಡಿಸಿದ್ರೆ ಹೇಗಿರುತ್ತೆ?"

ಆ ರೆಕ್ಕೆಯನ್ನು ಮಡಿಸಿ ಬಟ್ಟೆಪಟ್ಟಿ ಸುತ್ತಿ ಕಟ್ಟಿದರು. ಅವಳು ಸುತ್ತಿದಳು, ಅವನು ಹಿಡಿದುಕೊಂಡ. ಕೆಲವೇ ದಿನಗಳಲ್ಲಿ ಸರಿಹೋಯಿತು. ಎಸ್ಕಿಲ್ ಅಲ್ಲಿಂದ ಮುಂದೆ ಹೆಚ್ಚಿನ ಚಮಚ ಹಾಕಲಿಲ್ಲ.

ಬೇಸಿಗೆ ಕಳೆಯಿತು. ಒಂಬತ್ತೂ ಕಪ್ಪಗೆ ಮಿರಮಿರ ಮಿಂಚುವ ಬಾತುಗಳಾದವು: ಐದು ಗಂಡು, ನಾಲ್ಕು ಹೆಣ್ಣು. ನವೆಂಬರ್ ಬಂದಿತು. ಸಂತ ಮಾರ್ಟಿನ್ನನ ಹಬ್ಬದ ಹಿಂದಿನ ಸಂಜೆ ಡೆನ್ಮಾರ್ಕಿನ ಮನೆಮನೆಯಲ್ಲೂ ಬಾತು ಒಲೆಗೆ ಹೋಗುತ್ತದೆ. ಅದಕ್ಕೆ ಮುಂಚೆ ತಳಿಗೆ ಉಳಿಯುವುದು ಯಾವುದು, ಒಲೆಗೆ ಹೋಗುವುದು ಯಾವುದು ಎಂದು ಆರಿಸಿ, ಉಳಿಯುವವಕ್ಕೆ ಕಾಲಿಗೆ ಹಳದಿ ಬಳೆ ಹಾಕುವುದು ಬೋದಿಲ್‌ಳ ರೂಢಿ. ಆ ಭಾನುವಾರ ಮಾಯ್ಕೆನ್ ಮನೆಯಲ್ಲಿದ್ದಳು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು, ಹೊರಗೆ ಬರಲಿಲ್ಲ.

ಎಸ್ಕಿಲ್ ಒಂದೊಂದನ್ನೇ ಹಿಡಿದು ತಂದ. ಗಂಡುಗಳಲ್ಲಿ ಎದೆಯ ಬಿಳಿ ಅಂಚು ಕತ್ತರಿಸಿದಂತಿದ್ದ ಒಂದಕ್ಕೆ ಬಳೆ ಬಿತ್ತು. ಉಳಿದ ನಾಲ್ಕಕ್ಕೆ ಇಲ್ಲ. ಮೂರು ಹೆಣ್ಣಿಗೆ ಬಿತ್ತು. ಕೊನೆಗೆ ಕುಂಟು ಹೆಣ್ಣು. ಅದನ್ನು ಅವನು ಹಿಡಿಯಬೇಕಾಗಿಯೇ ಇರಲಿಲ್ಲ, ತಾನಾಗಿ ಅವನ ಕಾಲಬಳಿ ಬಂದಿತ್ತು. ಬೋದಿಲ್ ಬಳೆಯ ಡಬ್ಬಿಯ ಮುಚ್ಚಳ ಹಾಕಿದಳು.

"ಕುಂಟು ಬಾತನ್ನ ತಳಿಗೆ ಇಟ್ಟುಕೊಂಡಿಲ್ಲ ನಾವು. ಅಪ್ಪನ ಕಾಲದಿಂದಲೂ ಇಲ್ಲ."

"ಇದು ಹುಟ್ಟು ಕುಂಟಲ್ಲ ಅತ್ತೆ," ಎಂದ ಎಸ್ಕಿಲ್. "ನಾನು ಮಾಡಿದ ಕುಂಟು. ಮೊಟ್ಟೆಗೆ ಇಳಿಯಲ್ಲ."

"ಇಳಿಯಲ್ಲ, ಸರಿ. ಗಂಡು ಮೇಲೆ ಹತ್ತಿದ್ರೆ ಆ ಕಾಲು ಭಾರ ತಡೆಯುತ್ತಾ?"

ಅವನು ಅದನ್ನು ಯೋಚಿಸಿದ್ದ. "ಎಳೇ ಗಂಡಿನ ಜೊತೆ ಬಿಡೋದು ಬೇಡ. ಮುದಿ ಗಂಡಿನ ಜೊತೆ ಬೇರೆ ಗೂಡಲ್ಲಿ ಇಡ್ತೀನಿ. ಅವನು ಹಗುರ. ಮೊಟ್ಟೆ ಶುರುವಾದ್ಮೇಲೆ ಇದರ ಚಿಪ್ಪಿನ ಬಟ್ಟಲನ್ನ ತಗ್ಗಲ್ಲಿ ಇಡಬೇಕು, ಮೆಟ್ಟಿಲು ಹತ್ತಕ್ಕಾಗಲ್ಲ."

"ಮುದುಕ ವಸಂತದವರೆಗೆ ಇದ್ರೆ."

"ಇರಲ್ಲ ಅಂದ್ರೆ ಇದು ಸುಮ್ನೆ ಮೊಟ್ಟೆ ಇಡ್ಲಿ. ಒಲೆಗೆ ಬೇಡ."

ಬೋದಿಲ್ ಕುಂಟುಬಾತನ್ನು ನೋಡಿದಳು, ಅದು ಎಸ್ಕಿಲ್‌ನ ಬೂಟಿನ ದಾರ ಎಳೆಯುತ್ತಿತ್ತು. ಆಮೇಲೆ ಅವನ ಮುಖ ನೋಡಿದಳು. ಹಾಗಾದರೆ ಗೂಡು ಕಟ್ಟುವುದಕ್ಕೆ ಹಲಗೆ ಶೆಡ್ಡಿನ ಹಿಂದೆ ಇದೆ, ಮಳೆಗೆ ಮುಂಚೆ ಮುಗಿಸಬೇಕು, ಕ್ರೆಸ್ಟನ್‌ನ ಸುತ್ತಿಗೆ ಕೇಳಬೇಡ, ಅದರ ತಲೆ ಸಡಿಲ ಎಂದಳು. ಡಬ್ಬಿಯ ಮುಚ್ಚಳ ತೆಗೆದಳು.

"ಹಿಡ್ಕೋ ಸರಿಯಾಗಿ. ಒಳ್ಳೆ ಕಾಲು ಈ ಕಡೆ ಕೊಡು."